ಸೀಟು ಸಿಕ್ಕ ಮೇಲಿನ ಲೆಕ್ಕ

ಐಐಎಂ ಎಂದು ಜನ ಕರೆಯುವ ಭಾರತೀಯ ನಿರ್ವಹಣಾ ಸಂಸ್ಥೆಗಳಲ್ಲಿ ಸೀಟು ಹಂಚಿಕೆಗೆ ಕಾನೂನು ಇದೆ. ನೂರು ಸೀಟುಗಳಲ್ಲಿ 15 ಪರಿಶಿಷ್ಟ ಜಾತಿಗೆ, ಏಳೂವರೆ ಪರಿಶಿಷ್ಟ ಪಂಗಡಕ್ಕೆ, 27 ಕೆನೆಪದರಕ್ಕೆ ಸೇರದ ಇತರೆ ಹಿಂದುಳಿದ ವರ್ಗಗಳಿಗೆ, 10 ಆರ್ಥಿಕವಾಗಿ ದುರ್ಬಲರಾದವರಿಗೆ. ಇವೆಲ್ಲದರ ಒಳಗೇ ಶೇಕಡಾ 5 ಅಂಗವಿಕಲರಿಗೆ. ಹಿಂದುಳಿದ ವರ್ಗಗಳ ಪಾಲು 2006ರ ಕಾಯ್ದೆಯಿಂದ ಬಂತು, 2008ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆರ್ಥಿಕ ದುರ್ಬಲರ ಪಾಲು 2019ರ ಸಂವಿಧಾನ ತಿದ್ದುಪಡಿಯಿಂದ ಬಂದದ್ದು. ಶುಲ್ಕದ ವಿಷಯದಲ್ಲಿ ಮಾತ್ರ ಇಷ್ಟು ಖಚಿತವಾದ ಏರ್ಪಾಡು ಇಲ್ಲ. 2016ರಲ್ಲಿ ಐಐಟಿಗಳ ಬಿ.ಟೆಕ್. ಶುಲ್ಕ ಏರಿದಾಗ, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ ಎಂದು ಕೇಂದ್ರ ಸರ್ಕಾರ ತೀರ್ಮಾನಿಸಿತು. ಐಐಎಂಗಳಿಗೆಲ್ಲ ಅನ್ವಯಿಸುವ ಅಂಥ ಮಾಫಿ ಇಲ್ಲ. ಸೀಟು ಹಕ್ಕಾಗಿ ಬರುತ್ತದೆ. ಹಣವನ್ನು ಅರ್ಜಿ ಹಾಕಿ ಹುಡುಕಿಕೊಳ್ಳಬೇಕು.

ಹುಡುಕಬೇಕಾದ ಮೊತ್ತ ಚಿಕ್ಕದಲ್ಲ. ಅಹಮದಾಬಾದ್, ಬೆಂಗಳೂರು, ಕಲ್ಕತ್ತ ಐಐಎಂಗಳಲ್ಲಿ ಎರಡು ವರ್ಷದ ಓದಿನ ಶುಲ್ಕ ಈಗ 25 ಲಕ್ಷ ರೂಪಾಯಿಯ ಆಸುಪಾಸಿನಲ್ಲಿದೆ. ಹೊಸ ಐಐಎಂಗಳಲ್ಲಿ ಕಡಿಮೆಯಾದರೂ ಹತ್ತು ಲಕ್ಷದ ಕೆಳಗೆ ಇಳಿಯುವುದು ಅಪರೂಪ. ಇಪ್ಪತ್ತು ವರ್ಷದ ಹಿಂದಿನ ಲೆಕ್ಕವೇ ಬೇರೆ ಇತ್ತು. 2004ರಲ್ಲಿ ಅಹಮದಾಬಾದಿನ ವಾರ್ಷಿಕ ಶುಲ್ಕ ಸುಮಾರು ಒಂದೂವರೆ ಲಕ್ಷ. ಅದನ್ನು 30,000ಕ್ಕೆ ಇಳಿಸಬೇಕೆಂದು ಅಂದಿನ ಮಾನವ ಸಂಪನ್ಮೂಲ ಸಚಿವ ಮುರಳಿ ಮನೋಹರ ಜೋಶಿ ಆದೇಶ ಹೊರಡಿಸಿದರು. ಸಂಸ್ಥೆಗಳ ಸ್ವಾಯತ್ತತೆಯ ಹೆಸರಿನಲ್ಲಿ ದೊಡ್ಡ ವಿರೋಧ ಎದ್ದಿತು. ಅದೇ ವರ್ಷ ಸರ್ಕಾರ ಬದಲಾಯಿತು, ಆದೇಶವೂ ಬಿದ್ದುಹೋಯಿತು. ಆಮೇಲೆ ಶುಲ್ಕ ಏರುತ್ತಲೇ ಬಂತು. 2008ರಲ್ಲಿ ಅಹಮದಾಬಾದ್ ಎರಡು ವರ್ಷದ ಶುಲ್ಕವನ್ನು 11.5 ಲಕ್ಷಕ್ಕೆ ಒಯ್ದಿತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದೂ ಅದೇ ವರ್ಷ. ಒಂದರಿಂದ ಇನ್ನೊಂದು ಆಯಿತೆಂದು ಹೇಳಲಾಗದು. ಆದರೆ ಹೊಸ ಸಮುದಾಯಗಳ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಒಳಬರುತ್ತಿದ್ದ ಹೊತ್ತಿಗೇ ಈ ಓದು ದುಬಾರಿಯಾಯಿತೆಂಬುದು ಮರೆಯಬಾರದ ಸಂಗತಿ.

ನೆರವು ಪಡೆದು ಅರ್ಥಶಾಸ್ತ್ರ, ವಾಣಿಜ್ಯದಂಥ ವಿಷಯಗಳನ್ನು ಓದಿದ ದಲಿತ ವಿದ್ಯಾರ್ಥಿಗಳಲ್ಲಿ ಮೊದಲ ಹೆಸರು ಬಿ.ಆರ್. ಅಂಬೇಡ್ಕರ್ ಅವರದು. 1913ರಲ್ಲಿ ಬರೋಡದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಓದಿ ಬಂದ ಮೇಲೆ ಹತ್ತು ವರ್ಷ ಬರೋಡ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು ಅದರ ಜೊತೆಗಿತ್ತು. 1916ರಲ್ಲಿ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಮರುವರ್ಷ ವೇತನದ ಅವಧಿ ಮುಗಿಯಿತು. ಓದು ಅರ್ಧಕ್ಕೆ ನಿಂತಿತು. ಅದನ್ನು ಮತ್ತೆ ಹಿಡಿಯಲು ಮೂರು ವರ್ಷ ಬೇಕಾಯಿತು. ಮುಂಬಯಿಯ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಪಾಠ ಮಾಡಿ ಉಳಿಸಿದ ಸಂಬಳ, ಕೊಲ್ಹಾಪುರದ ಶಾಹೂ ಮಹಾರಾಜರ ಸಹಾಯ, ಒಬ್ಬ ಪಾರ್ಸಿ ಗೆಳೆಯರಿಂದ ತಂದ ಸಾಲ, ಇವೆಲ್ಲ ಕೂಡಿದ ಮೇಲೆ 1920ರಲ್ಲಿ ಅವರು ಮತ್ತೆ ಲಂಡನ್ನಿಗೆ ಹೊರಟರು. ಒಂದೇ ಕಡೆಯಿಂದ ಪೂರ್ತಿ ಹಣ ಸಿಗುವುದಿಲ್ಲ, ಸಿಕ್ಕದ್ದೂ ಓದಿನ ನಡುವೆ ನಿಂತುಹೋಗಬಹುದು ಎಂಬ ಈ ಅನುಭವ ನೂರು ವರ್ಷದ ಮೇಲೂ ಹಳತಾಗಿಲ್ಲ.

ವೆಚ್ಚ ಶುರುವಾಗುವುದು ಸೀಟು ಸಿಕ್ಕ ಮೇಲಲ್ಲ, ಅದಕ್ಕೂ ಒಂದು ವರ್ಷ ಮೊದಲು. ಐಐಎಂ ಪ್ರವೇಶಕ್ಕೆ ನವೆಂಬರ್ ಕೊನೆಯ ಹೊತ್ತಿಗೆ ನಡೆಯುವ ಕ್ಯಾಟ್ ಪರೀಕ್ಷೆ ಬರೆಯಬೇಕು. ಪದವಿಯಲ್ಲಿ ಶೇಕಡಾ 50 ಅಂಕ ಬೇಕು, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ 45 ಸಾಕು. ಪರೀಕ್ಷಾ ಶುಲ್ಕವೂ ಅವರಿಗೆ ಅರ್ಧ: 2024ರಲ್ಲಿ ಇತರರಿಗೆ 2,500 ರೂಪಾಯಿ ಇದ್ದರೆ ಇವರಿಗೆ 1,250. ಹಿಂದುಳಿದ ವರ್ಗದವರಿಗೆ ಈ ರಿಯಾಯಿತಿ ಇಲ್ಲ. ಕೋಚಿಂಗಿನ ಖರ್ಚು ಬೇರೆ, ಬೇರೆ ಊರಿನ ಸಂದರ್ಶನಕ್ಕೆ ಹೋಗಿಬರುವ ಖರ್ಚು ಬೇರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಪರೀಕ್ಷೆಯ ಇಂಗ್ಲಿಷ್ ಭಾಗವೇ ಹೆಚ್ಚು ಸಮಯ ತಿನ್ನುತ್ತದೆ. ಅದಕ್ಕೆ ಬೇಕಾಗುವುದು ದುಡ್ಡಿಗಿಂತ ಒಂದು ವರ್ಷದ ಓದು. ಆ ಒಂದು ವರ್ಷ ಸಂಪಾದನೆ ಇಲ್ಲದೆ ಕುಳಿತು ಓದುವುದೂ ಬಡ ಮನೆಗೆ ಒಂದು ಖರ್ಚೇ. ಇದನ್ನು ಯಾವ ಯೋಜನೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಕಾಗದಪತ್ರ. ಒಳ್ಳೆಯ ಅಂಕ ಪಡೆದವರೂ ಮುಗ್ಗರಿಸುವ ಜಾಗ ಇದು. ಜಾತಿ ಮತ್ತು ಆದಾಯದ ಪ್ರಮಾಣಪತ್ರ ಕರ್ನಾಟಕದಲ್ಲಿ ನಾಡಕಚೇರಿಯ ಮೂಲಕ, ತಹಶೀಲ್ದಾರರ ಸಹಿಯಲ್ಲಿ ಬರುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆಯೇ ರಾಜ್ಯದ ಎಲ್ಲ ಅರ್ಜಿಗಳಿಗೂ ಆಧಾರ. ಹಿಂದುಳಿದ ವರ್ಗಗಳ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬುದು ರಾಜ್ಯದ ವಿಂಗಡಣೆ. ಕೇಂದ್ರದ ಪಟ್ಟಿ ಬೇರೆ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಐಐಎಂ ಕೇಳುವುದು ಕೇಂದ್ರದ ನಮೂನೆಯ ಪ್ರಮಾಣಪತ್ರವನ್ನು. ರಾಜ್ಯದ ನಮೂನೆಯನ್ನೇ ಹಿಡಿದು ಹೋದವರಿಗೆ ಕೊನೆ ಗಳಿಗೆಯಲ್ಲಿ ಓಡಾಟ ತಪ್ಪುವುದಿಲ್ಲ. ಆದಾಯದ ಲೆಕ್ಕದಲ್ಲೂ ಎರಡು ರೀತಿ ಇದೆ. ಕೆನೆಪದರ ನಿರ್ಧರಿಸುವಾಗ ಕೇಂದ್ರವು 8 ಲಕ್ಷದ ಮಿತಿಗೆ ಸಂಬಳವನ್ನೂ ಕೃಷಿ ಆದಾಯವನ್ನೂ ಸೇರಿಸುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಎಲ್ಲ ಮೂಲದ ಆದಾಯವೂ ಸೇರುತ್ತದೆ. ಹಾಗಾಗಿ ಮೀಸಲಾತಿಗೆ ಅರ್ಹರಾದವರು ವಿದ್ಯಾರ್ಥಿವೇತನಕ್ಕೂ ಅರ್ಹರು ಎಂದುಕೊಳ್ಳುವಂತಿಲ್ಲ.

ಸರ್ಕಾರಿ ನೆರವುಗಳಲ್ಲಿ ಅತ್ಯಂತ ಹಳೆಯದು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆಂದು ಇದು ಸ್ವಾತಂತ್ರ್ಯಕ್ಕೂ ಮೊದಲೇ, 1944ರಲ್ಲಿ ಆರಂಭವಾಯಿತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಇದನ್ನು ಮರುರೂಪಿಸಿ, ಐದು ವರ್ಷಕ್ಕೆ 59,048 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವೆಚ್ಚದಲ್ಲಿ ಕೇಂದ್ರದ ಪಾಲು ಶೇಕಡಾ 60, ರಾಜ್ಯದ್ದು 40. ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬರುತ್ತದೆ. ಓದುವುದು ಹೊರರಾಜ್ಯದಲ್ಲಾದರೂ ಅರ್ಜಿ ಹಾಕಬೇಕಾದ್ದು ಸ್ವಂತ ರಾಜ್ಯಕ್ಕೆ. ಅಂದರೆ ಅಹಮದಾಬಾದಿನಲ್ಲಿ ಓದುವ ರಾಯಚೂರಿನ ಹುಡುಗಿ ಕರ್ನಾಟಕದ ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲೇ ಅರ್ಜಿ ತುಂಬಬೇಕು. ಕೇಂದ್ರದ ಈ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ ಎರಡೂವರೆ ಲಕ್ಷ. ಈ ಮಿತಿ ಎಷ್ಟು ಕಡಿಮೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ಏಳನೇ ವೇತನ ಆಯೋಗದ ಶಿಫಾರಸು ಜಾರಿಗೆ ಬಂದ 2024ರ ಆಗಸ್ಟ್‌ನಿಂದ ಕರ್ನಾಟಕ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ ತಿಂಗಳಿಗೆ 27,000 ರೂಪಾಯಿ, ವರ್ಷಕ್ಕೆ 3,24,000. ಸರ್ಕಾರಿ ಕಚೇರಿಯಲ್ಲಿ ಕಡತ ಹೊರುವ ಡಿ ದರ್ಜೆ ನೌಕರರ ಮಗಳೂ ಈ ಯೋಜನೆಯ ಹೊರಗೇ ಉಳಿಯುತ್ತಾಳೆ. ಮನೆತನದಲ್ಲಿ ಮೊದಲ ಬಾರಿಗೆ ತಿಂಗಳ ಸಂಬಳ ಕಂಡ ಕುಟುಂಬವನ್ನು ಸ್ಥಿತಿವಂತರ ಸಾಲಿಗೆ ಸೇರಿಸುವ ಈ ಮಿತಿ ನ್ಯಾಯವಾದದ್ದಲ್ಲ.

ಐಐಎಂ ಓದಿಗೆ ನಿಜವಾಗಿ ಹೊಂದುವುದು ಟಾಪ್ ಕ್ಲಾಸ್ ಎಂಬ ಇನ್ನೊಂದು ಯೋಜನೆ. 2007ರಲ್ಲಿ ಶುರುವಾದ ಇದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ್ದು. ಪಟ್ಟಿ ಮಾಡಿದ ಶ್ರೇಷ್ಠ ಸಂಸ್ಥೆಗಳಲ್ಲಿ ಸೀಟು ಪಡೆದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೀಸಲು. ಇಲ್ಲಿ ಆದಾಯದ ಮಿತಿ 8 ಲಕ್ಷ. ಸರ್ಕಾರಿ ಸಂಸ್ಥೆಯಾದರೆ ಬೋಧನಾ ಶುಲ್ಕ ಮತ್ತು ಮರಳಿ ಬಾರದ ಇತರ ಶುಲ್ಕಗಳು ಪೂರ್ತಿ ಸಿಗುತ್ತವೆ. ಊಟ, ವಸತಿ, ಪುಸ್ತಕ, ಲ್ಯಾಪ್‌ಟಾಪಿಗೆಂದು ಮೊದಲ ವರ್ಷ 86,000, ಆಮೇಲೆ ವರ್ಷಕ್ಕೆ 41,000 ರೂಪಾಯಿ. ಶೇಕಡಾ 30 ವಿದ್ಯಾರ್ಥಿವೇತನ ಹುಡುಗಿಯರಿಗೆ. ಖಾಸಗಿ ಸಂಸ್ಥೆಯಾದರೆ ಶುಲ್ಕಕ್ಕೆ ವರ್ಷಕ್ಕೆ 2 ಲಕ್ಷದ ಮಿತಿ ಇದೆ. ದೊಡ್ಡ ಖಾಸಗಿ ಬಿಸಿನೆಸ್ ಸ್ಕೂಲುಗಳ ಶುಲ್ಕಕ್ಕೆ ಅದು ಎಲ್ಲಿಗೂ ಸಾಲದು. ಪ್ರತಿ ಸಂಸ್ಥೆಗೂ ಇಷ್ಟೇ ಎಂದು ಸಂಖ್ಯೆ ನಿಗದಿಯಾಗಿರುವುದರಿಂದ ಅರ್ಹರೆಲ್ಲರಿಗೂ ಸಿಗುವ ಭರವಸೆ ಇಲ್ಲ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಇಂಥದೇ ಯೋಜನೆ ಇದೆ, ಅಲ್ಲಿ ಆದಾಯದ ಮಿತಿ 6 ಲಕ್ಷ. ಹಿಂದುಳಿದ ವರ್ಗಗಳಿಗೆ ಪಿಎಂ ಯಶಸ್ವಿ ಎಂಬ ಹೆಸರಿನಲ್ಲಿರುವ ಯೋಜನೆಯ ಮಿತಿ ಮತ್ತೆ ಎರಡೂವರೆ ಲಕ್ಷ. ಅಂಗವಿಕಲ ವಿದ್ಯಾರ್ಥಿಗಳಿಗೂ ಬೇರೆ ಟಾಪ್ ಕ್ಲಾಸ್ ಯೋಜನೆ ಇದೆ. ಈ ಎಲ್ಲ ಯೋಜನೆಗಳಿಗೂ ಸಾಮಾನ್ಯವಾದ ಒಂದು ನಿಯಮವೆಂದರೆ ಏಕಕಾಲಕ್ಕೆ ಎರಡು ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಆದ್ದರಿಂದ ಯಾವುದರಲ್ಲಿ ಹೆಚ್ಚು ಸಿಗುತ್ತದೆ, ಯಾವುದು ಸಿಗುವ ಸಂಭವ ಹೆಚ್ಚು ಎಂದು ಮೊದಲೇ ತೂಗಿ ನೋಡಿ ಆರಿಸಬೇಕು.

ಮೂರನೆಯ ಮೂಲ ಆಯಾ ಸಂಸ್ಥೆಯೇ. ಐಐಎಂಗಳು ತಮ್ಮ ಸ್ವಂತ ನಿಧಿಯಿಂದ, ಹಳೆಯ ವಿದ್ಯಾರ್ಥಿಗಳ ಮತ್ತು ಕಂಪನಿಗಳ ಕೊಡುಗೆಯಿಂದ, ಅಗತ್ಯ ನೋಡಿ ಶುಲ್ಕದ ಒಂದಷ್ಟು ಭಾಗವನ್ನು ಹಿಂದಿರುಗಿಸುತ್ತವೆ. ಇಲ್ಲಿ ಜಾತಿಗಿಂತ ಮನೆಯ ಹಣಕಾಸಿನ ಸ್ಥಿತಿ ಮುಖ್ಯ. ಹೆತ್ತವರ ಆದಾಯ ತೆರಿಗೆ ವಿವರ, ಬ್ಯಾಂಕ್ ಪಾಸ್‌ಬುಕ್, ಜಮೀನಿದ್ದರೆ ಪಹಣಿ, ಮನೆಯಲ್ಲಿ ಓದುತ್ತಿರುವ ಇತರರ ಸಂಖ್ಯೆ, ತೀರಿಸಬೇಕಾದ ಸಾಲ, ಎಲ್ಲವನ್ನೂ ಕೇಳುತ್ತಾರೆ. ಕೂಲಿ ಮಾಡುವವರ ಮನೆಯಲ್ಲಿ ಇಂಥ ದಾಖಲೆಗಳೇ ಇರುವುದಿಲ್ಲ. ಸ್ವಸಹಾಯ ಸಂಘದ ಸಾಲ, ಕೈಸಾಲ, ಒತ್ತೆಯಿಟ್ಟ ಒಡವೆ ಯಾವ ನಮೂನೆಯಲ್ಲೂ ಕಾಣಿಸುವುದಿಲ್ಲ. ಅವನ್ನು ಅರ್ಜಿಯ ಜೊತೆಗಿನ ಪತ್ರದಲ್ಲಿ ಮೊತ್ತ, ಬಡ್ಡಿ, ತಿಂಗಳ ಕಂತಿನ ಸಮೇತ ಬರೆಯಬೇಕು. ಬಡತನವನ್ನು ಬಣ್ಣಿಸಿದ ಪತ್ರಕ್ಕಿಂತ ಮನೆಯ ಜಮಾ ಖರ್ಚನ್ನು ನೇರವಾಗಿ ಇಟ್ಟ ಪತ್ರ ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದನ್ನು ಬರೆದವರ ಘನತೆಯೂ ಉಳಿಯುತ್ತದೆ. ನೆರವು ಕೇಳುವುದು ಭಿಕ್ಷೆಯಲ್ಲ. ಈ ಸಂಸ್ಥೆಗಳು ನಿಂತಿರುವುದು ಸಾರ್ವಜನಿಕರ ಭೂಮಿಯ ಮೇಲೆ, ಬೆಳೆದದ್ದು ಸಾರ್ವಜನಿಕರ ಹಣದಲ್ಲಿ.

ಇಷ್ಟಾದರೂ ತುಂಬದ ಭಾಗಕ್ಕೆ ಬ್ಯಾಂಕ್ ಸಾಲ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನವನ್ನಾಗಲಿ ಮೂರನೆಯವರ ಜಾಮೀನನ್ನಾಗಲಿ ಕೇಳಬಾರದೆಂಬ ವ್ಯವಸ್ಥೆ ಇದೆ. ಸಾಲ ಮುಳುಗಿದರೆ ಬ್ಯಾಂಕಿಗೆ ಶೇಕಡಾ 75ರಷ್ಟನ್ನು ತುಂಬಿಕೊಡುವ ಖಾತ್ರಿ ನಿಧಿ ಅದರ ಹಿಂದಿದೆ. 2024ರ ನವೆಂಬರ್ 6ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಐಐಎಂಗಳೂ ಸೇರಿದಂತೆ ಪಟ್ಟಿಯಲ್ಲಿರುವ (ಆರಂಭದಲ್ಲಿ 860) ಸಂಸ್ಥೆಗಳ ವಿದ್ಯಾರ್ಥಿಗಳು ಒತ್ತೆ, ಜಾಮೀನು ಇಲ್ಲದೆ ಪೂರ್ತಿ ಶುಲ್ಕಕ್ಕೆ ಸಾಲ ಕೇಳಬಹುದು. ಕುಟುಂಬದ ಆದಾಯ 8 ಲಕ್ಷದ ಒಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲದ ಮೇಲೆ ಓದಿನ ಅವಧಿಯಲ್ಲಿ ಶೇಕಡಾ 3ರಷ್ಟು ಬಡ್ಡಿ ಸಹಾಯಧನವೂ ಸಿಗುತ್ತದೆ. ಕೆಲಸಕ್ಕೆ ಸೇರಿದ ಮೇಲೆ ತೀರಿಸಬಹುದಲ್ಲ ಎಂಬ ಮಾತು ಸಾಮಾನ್ಯ. 20 ಲಕ್ಷ ಸಾಲಕ್ಕೆ ಶೇಕಡಾ 9ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತಿಂಗಳ ಕಂತು 25,000 ದಾಟುತ್ತದೆ, ಓದುವ ಕಾಲದಲ್ಲಿ ಕೂಡಿದ ಬಡ್ಡಿ ಇದರ ಮೇಲೆ. ಐಐಎಂ ಮುಗಿಸಿದವರ ಸಂಬಳಕ್ಕೆ ಇದು ಹೊರಲಾಗದ ಹೊರೆಯಲ್ಲ. ಆದರೆ ಆ ಸಂಬಳದಲ್ಲೇ ತಂಗಿಯ ಓದು, ಊರಿನ ಮನೆ, ತಂದೆಯ ಔಷಧ ಎಲ್ಲವೂ ನಡೆಯಬೇಕಾದಾಗ ಲೆಕ್ಕ ಬದಲಾಗುತ್ತದೆ. ಸಾಲವಿದೆಯಲ್ಲ ಎಂದು ವಿದ್ಯಾರ್ಥಿವೇತನದ ಅರ್ಜಿಯನ್ನು ಬಿಟ್ಟುಬಿಡುವುದು ಈ ಕಾರಣಕ್ಕೆ ತಪ್ಪು.

ಇಷ್ಟೆಲ್ಲ ಮೂಲಗಳಿದ್ದೂ ಕಷ್ಟ ಉಳಿಯುವುದೇಕೆ? ಹಣ ಇಲ್ಲದೆ ಅಲ್ಲ, ಬೇಕಾದ ದಿನಕ್ಕೆ ಅದು ಕೈಗೆ ಬಾರದೆ. ಕ್ಯಾಟ್ ಫಲಿತಾಂಶ ಹೊಸ ವರ್ಷದ ಆಸುಪಾಸಿನಲ್ಲಿ ಬರುತ್ತದೆ. ಸಂದರ್ಶನ ಏಪ್ರಿಲ್‌ವರೆಗೆ ನಡೆದು, ಏಪ್ರಿಲ್ ಮೇ ತಿಂಗಳಲ್ಲಿ ಸೀಟಿನ ಪತ್ರ ಬರುತ್ತದೆ. ಸೀಟು ಒಪ್ಪಿಕೊಳ್ಳಲು ಕೆಲವೇ ದಿನಗಳೊಳಗೆ ಮುಂಗಡ ಕಟ್ಟಬೇಕು. ಜೂನ್‌ನಲ್ಲಿ ತರಗತಿ ಶುರುವಾಗುವ ಮೊದಲು ಮೊದಲ ಕಂತು. ಸರ್ಕಾರಿ ವಿದ್ಯಾರ್ಥಿವೇತನದ ಪೋರ್ಟಲುಗಳು ಅರ್ಜಿ ಕರೆಯುವುದೇ ಮಳೆಗಾಲದ ನಡುವೆ. ಸಂಸ್ಥೆಯ ನೋಡಲ್ ಅಧಿಕಾರಿಯ ಪರಿಶೀಲನೆ, ಮೇಲಿನ ಹಂತದ ಒಪ್ಪಿಗೆ ಎಲ್ಲ ಮುಗಿದು ಹಣ ಬರುವುದು ಶೈಕ್ಷಣಿಕ ವರ್ಷದ ಕೊನೆಯ ಹೊತ್ತಿಗೆ. ನಡುವಿನ ತಿಂಗಳುಗಳನ್ನು ಕುಟುಂಬವೇ ದಾಟಿಸಬೇಕು. ಉಳ್ಳವರ ಮಕ್ಕಳು ಎರಡು ಮೂರು ಕಡೆ ಮುಂಗಡ ಕಟ್ಟಿ ಒಳ್ಳೆಯ ಸೀಟಿಗಾಗಿ ಕಾಯುತ್ತಾರೆ. ಇಲ್ಲದವರು ಮೊದಲು ಬಂದ ಸೀಟಿಗೇ ಇದ್ದಬದ್ದದ್ದನ್ನೆಲ್ಲ ಕೂಡಿಸಿ ಕಟ್ಟಿದರೆ, ಆಮೇಲೆ ಬಂದ ಉತ್ತಮ ಸೀಟನ್ನು ಕೈಬಿಡಬೇಕಾಗುತ್ತದೆ.

ಈ ದಿನಾಂಕಗಳು ಎಷ್ಟು ನಿರ್ದಯವಾಗಿರಬಲ್ಲವು ಎಂಬುದನ್ನು 2024ರಲ್ಲಿ ದೇಶವೇ ಕಂಡಿತು. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ದಿನಗೂಲಿ ಕಾರ್ಮಿಕರೊಬ್ಬರ ಮಗ, ದಲಿತ ವಿದ್ಯಾರ್ಥಿ, ಧನಬಾದ್ ಐಐಟಿಯಲ್ಲಿ ಸೀಟು ಗಳಿಸಿದ. ಒಪ್ಪಿಗೆಗೆ 17,500 ರೂಪಾಯಿ ಕಟ್ಟಬೇಕಿತ್ತು. ಜೂನ್ 24ರ ಸಂಜೆ 5 ಗಂಟೆ ಕೊನೆಯ ಗಡುವು. ಮನೆಯವರು ಹಣ ಹೊಂದಿಸಿ ಕಟ್ಟಲು ಕೂರುವಷ್ಟರಲ್ಲಿ ಗಡುವು ಮುಗಿಯಿತು. ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ, ಹೆಚ್ಚುವರಿ ಸೀಟು ಸೃಷ್ಟಿಸಿ ಅವನನ್ನು ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಆ ಹುಡುಗನಿಗೆ ನ್ಯಾಯ ಸಿಕ್ಕಿತು. ಸುಪ್ರೀಂ ಕೋರ್ಟಿನವರೆಗೆ ಹೋಗಲಾರದವರ ಹೆಸರು ಮಾತ್ರ ಎಲ್ಲೂ ದಾಖಲಾಗುವುದಿಲ್ಲ. ಪರಿಶಿಷ್ಟ ವಿದ್ಯಾರ್ಥಿಗಳಿಗೆ ಮುಂಗಡ ಹಣ ಕಟ್ಟದೆ ಸೇರಲು ಅವಕಾಶ ಕೊಡುವ ಫ್ರೀಶಿಪ್ ಕಾರ್ಡ್ ಎಂಬ ಏರ್ಪಾಡು ಮೆಟ್ರಿಕ್ ನಂತರದ ಯೋಜನೆಯಲ್ಲಿದೆ. ಅದನ್ನು ಎಲ್ಲ ಉನ್ನತ ಸಂಸ್ಥೆಗಳೂ ತಾವಾಗಿ ಒಪ್ಪಿ ನಡೆಸಿದರೆ ಅರ್ಧ ಸಂಕಟ ಕಡಿಮೆಯಾಗುತ್ತದೆ.

ಗಡುವನ್ನು ಬದಲಿಸುವುದು ವಿದ್ಯಾರ್ಥಿಯ ಕೈಯಲ್ಲಿಲ್ಲ. ತಯಾರಿ ಅವರ ಕೈಯಲ್ಲಿದೆ. ಪದವಿಯ ಕೊನೆಯ ವರ್ಷದಲ್ಲೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಬೇಕು. ಇನಿಷಿಯಲ್ ಹಿಂದುಮುಂದಾದರೂ ಅರ್ಜಿ ನಿಂತುಬಿಡುತ್ತದೆ. ಖಾತೆಗೆ ಆಧಾರ್ ಕೊಟ್ಟರೆ ಮಾತ್ರ ಸಾಲದು, ಸರ್ಕಾರದ ಹಣ ಆ ಖಾತೆಗೇ ಬರುವಂತೆ ಎನ್‌ಪಿಸಿಐ ಜೋಡಣೆಯನ್ನೂ ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ರಾಜ್ಯದ ಪೋರ್ಟಲಿಗೆ ಬೇಕಾಗುವ ದಾಖಲೆಗಳ ಇ-ದೃಢೀಕರಣ ಮಾಡಿಸಿಡಬಹುದು. ಜನವರಿಯಲ್ಲೇ ಬ್ಯಾಂಕಿಗೆ ಹೋಗಿ ಸಾಲದ ಷರತ್ತು ಕೇಳಿಕೊಂಡು ಬಂದವರು ಮೇ ತಿಂಗಳಲ್ಲಿ ಕಂಗೆಡುವುದಿಲ್ಲ.

ದುಬಾರಿಯಲ್ಲದ ಒಳ್ಳೆಯ ಸಂಸ್ಥೆಗಳನ್ನು ಆರಿಸಿಕೊಳ್ಳುವುದೂ ಒಂದು ದಾರಿ. 1954ರಲ್ಲಿ ಸ್ಥಾಪನೆಯಾದ ದೆಹಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್ ಎಂಬ ನಿರ್ವಹಣಾ ಅಧ್ಯಯನ ವಿಭಾಗ ಇದಕ್ಕೆ ಹೆಸರಾಗಿದೆ. ಅದರ ಶುಲ್ಕ ಹಳೆಯ ಐಐಎಂಗಳ ಶುಲ್ಕದ ಹತ್ತರಲ್ಲೊಂದು ಭಾಗದಷ್ಟು, ಉದ್ಯೋಗಾವಕಾಶದಲ್ಲಿ ಅದು ಅವುಗಳ ಸಾಲಿನಲ್ಲೇ ನಿಲ್ಲುತ್ತದೆ. ಪ್ರವೇಶಕ್ಕೆ ಅದೇ ಕ್ಯಾಟ್ ಪರೀಕ್ಷೆ. ಕರ್ನಾಟಕದೊಳಗೆ ಮೈಸೂರಿನ ಬಿ.ಎನ್. ಬಹದ್ದೂರ್ ಸಂಸ್ಥೆ, ಧಾರವಾಡದ ಕೌಸಾಳಿ ಸಂಸ್ಥೆಯಂಥ ವಿಶ್ವವಿದ್ಯಾಲಯಗಳ ವಿಭಾಗಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆದು ಸೇರಬಹುದು. ಇಲ್ಲಿನ ಸರ್ಕಾರಿ ಶುಲ್ಕಕ್ಕೆ ರಾಜ್ಯದ ಶುಲ್ಕ ಮರುಪಾವತಿ ಹೆಚ್ಚುಕಡಿಮೆ ಸಾಕಾಗುತ್ತದೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಅಭಿವೃದ್ಧಿ ನಿಗಮಗಳ ಅರಿವು ಎಂಬ ಶಿಕ್ಷಣ ಸಾಲವನ್ನೂ, ಹಾಸ್ಟೆಲ್ ಸಿಗದವರಿಗೆ ಊಟ ವಸತಿಯ ನೆರವು ಕೊಡುವ ವಿದ್ಯಾಸಿರಿ ಯೋಜನೆಯನ್ನೂ ವಿಚಾರಿಸಬೇಕು.

ವಿದೇಶದ ಓದಿಗೆ ಬೇರೆಯೇ ಮೂಲಗಳಿವೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954ರಿಂದ ನಡೆದುಬಂದಿದೆ. ಈಗ ವರ್ಷಕ್ಕೆ 125 ಜನರಿಗೆ ಸಿಗುತ್ತದೆ, ಅದರಲ್ಲಿ 115 ಪರಿಶಿಷ್ಟ ಜಾತಿಯವರಿಗೆ. ಆದಾಯದ ಮಿತಿ 8 ಲಕ್ಷ, ವಯಸ್ಸಿನ ಮಿತಿ 35. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ, ಪಂಗಡದವರ ವಿದೇಶ ವ್ಯಾಸಂಗಕ್ಕೆಂದೇ ಇದೆ. 1892ರಲ್ಲಿ ಜಮ್ಷೆಟ್‌ಜಿ ಟಾಟಾ ಸ್ಥಾಪಿಸಿದ ದತ್ತಿ ಸಾಲದ ರೂಪದ ವಿದ್ಯಾರ್ಥಿವೇತನ ಕೊಡುತ್ತದೆ. ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್ 1945ರಲ್ಲಿ ಲಂಡನ್ನಿಗೆ ಓದಲು ಹೋದದ್ದು ಟಾಟಾ ವಿದ್ಯಾರ್ಥಿವೇತನದ ಬಲದಿಂದ. ಅಮೆರಿಕದ ಸ್ಟ್ಯಾನ್‌ಫರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಹಣದ ಅಗತ್ಯವಿರುವ ಭಾರತೀಯರಿಗೆ ರಿಲಯನ್ಸ್ ಧೀರೂಭಾಯಿ ಫೆಲೋಶಿಪ್ ಇದೆ, ಓದು ಮುಗಿಸಿ ಭಾರತಕ್ಕೆ ಮರಳಬೇಕೆಂಬುದು ಅದರ ಷರತ್ತು. ಕಡಿಮೆ ಪ್ರಾತಿನಿಧ್ಯದ ಸಮುದಾಯಗಳಿಗೆ ಬಿಸಿನೆಸ್ ಸ್ಕೂಲಿನ ಪೂರ್ಣ ಶುಲ್ಕ ಕೊಡಿಸುವ ದೊಡ್ಡ ಪ್ರಯತ್ನ ಆ ದೇಶದಲ್ಲೂ ನಡೆದಿದೆ. 1966ರಲ್ಲಿ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನಾಂಗದ ಯುವಕರಿಗಾಗಿ ಶುರುವಾದ ಕನ್ಸಾರ್ಷಿಯಂ ಎಂಬ ಒಕ್ಕೂಟ ಇಂದು ಹಲವು ಹೆಸರಾಂತ ಶಾಲೆಗಳನ್ನು ಒಳಗೊಂಡಿದೆ. ಅದರ ನೆರವು ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಭಾರತದಿಂದ ಹೋಗುವವರು ಅದನ್ನು ನೆಚ್ಚಬಾರದು.

ವಿದ್ಯಾರ್ಥಿವೇತನ ಮಂಜೂರಾದ ಮೇಲೂ ಕೆಲಸ ಮುಗಿಯುವುದಿಲ್ಲ. ಸಾಮಾನ್ಯವಾಗಿ ಎರಡನೆಯ ವರ್ಷಕ್ಕೆ ನವೀಕರಣದ ಅರ್ಜಿ ಹಾಕಬೇಕು, ಮೊದಲ ವರ್ಷದ ಪರೀಕ್ಷೆ ಪಾಸಾಗಿರಬೇಕು. ಅಂಕಿಸಂಖ್ಯೆ, ಲೆಕ್ಕಪತ್ರಗಳ ಪರಿಚಯವಿಲ್ಲದೆ ಕಲಾ ವಿಭಾಗದಿಂದ ಬಂದವರಿಗೆ ಮೊದಲ ಅವಧಿ ಕಠಿಣ. ಹಲವು ಐಐಎಂಗಳು ತರಗತಿ ಶುರುವಾಗುವ ಮೊದಲು ಇವರಿಗಾಗಿ ಪೂರ್ವಸಿದ್ಧತಾ ಪಾಠ ನಡೆಸುತ್ತವೆ. ಊರಿನ ಕೆಲಸ ಬಿಟ್ಟಾದರೂ ಅದಕ್ಕೆ ಹಾಜರಾಗುವುದು ಒಳ್ಳೆಯದು, ಏಕೆಂದರೆ ಎರಡನೆಯ ವರ್ಷದ ಹಣ ಮೊದಲ ವರ್ಷದ ಫಲಿತಾಂಶವನ್ನೇ ಅವಲಂಬಿಸಿದೆ. ನವೀಕರಣದ ದಿನಾಂಕ ಬರುವುದು ಮೊದಲ ವರ್ಷದ ಬೇಸಿಗೆಯಲ್ಲಿ ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಮುಗಿಸಿ ಮರಳಿದ ಕೂಡಲೇ. ಹೊಸ ಆದಾಯ ಪ್ರಮಾಣಪತ್ರ ಕೇಳಿದರೆ ಕೊಡಲು ಅದನ್ನು ಊರಿಗೆ ಹೋದಾಗಲೇ ಮಾಡಿಸಿ ತಂದಿರಬೇಕು. ಸಾಲ ಪಡೆದಿದ್ದರೆ ವಿದ್ಯಾರ್ಥಿವೇತನವಾಗಿ ಬಂದ ಮೊತ್ತವನ್ನು ಸಂಸ್ಥೆಯ ಲೆಕ್ಕಪತ್ರ ವಿಭಾಗಕ್ಕೆ ತಿಳಿಸಿ, ಮುಂದಿನ ಕಂತಿನಲ್ಲಿ ಬ್ಯಾಂಕಿನಿಂದ ಅಷ್ಟನ್ನು ಕಡಿಮೆ ಪಡೆಯಬಹುದು. ಓದು ಮುಗಿದ ಒಂದು ವರ್ಷದ ನಂತರ ಸಾಲದ ಮರುಪಾವತಿ ಶುರುವಾಗುತ್ತದೆ.